ಮರೆ ಮಾಡುವುದೆಲ್ಲ ಸುಳ್ಳೇ?

ಬೆಳಗಾವಿಯ ಖಾಸಬಾಗದ ಮಗ್ಗದಿಂದ ಇಳಿದ ಸೀರೆ ಎಷ್ಟೋ ಸಲ ಅಂಗಡಿಗಿಂತ ಮೊದಲು ಮೊಬೈಲ್ ಸೇರುತ್ತದೆ. ಫೋಟೊಶಾಪಿನಲ್ಲಿ ಮಾಸ್ಕ್ ಹಾಕಿದರೆ ಹಿಂದಿನ ಗೋಡೆ, ಹಗ್ಗ, ದೂಳು ಮರೆಗೆ ಸರಿದು ಸೆರಗೊಂದೇ ಉಳಿಯುತ್ತದೆ. ಇದು ಸುಳ್ಳೇ? ಅಲ್ಲ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ. ಎರೇಸರ್ ಪಿಕ್ಸೆಲ್ಲನ್ನೇ ಅಳಿಸಿಬಿಡುತ್ತದೆ. ಮಾಸ್ಕಿನಲ್ಲಿ ಕಪ್ಪು ಬಳಿದರೆ ಚಿತ್ರ ಅಡಗುತ್ತದೆ, ಬಿಳಿ ಬಳಿದರೆ ಮರಳುತ್ತದೆ. ನಡುವೆ ಬೂದು ಬಣ್ಣದ ಛಾಯೆಗಳು. ಎಂಟು ಬಿಟ್ಟಿನ ಮಾಸ್ಕಿನಲ್ಲಿ 0ಯಿಂದ 255ರವರೆಗೆ ಒಟ್ಟು 256 ಹಂತ. ಸೆರಗಿನ ಕುಚ್ಚನ್ನು ಬಿಡಿಸುವುದೇ ನಾಜೂಕಿನ ಕೆಲಸ: ಹಿನ್ನೆಲೆಯಿಂದ ಕುಚ್ಚು ಎದ್ದು ಕಾಣುವ ಬಣ್ಣದ ಚಾನೆಲ್ ಆರಿಸಿ, ಅದರ ನಕಲು ತೆಗೆದು, ಲೆವೆಲ್ಸ್ ಎಳೆದು ಮಾಸ್ಕ್ ಕಟ್ಟಬೇಕು. ಆಗ ತುದಿಯ ಒಂದೊಂದು ಎಳೆಯೂ ಅರೆಬರೆ ಕಾಣುತ್ತದೆ.

1204ರ ಕಮಲ ಬಸದಿ ಇರುವ ಬೆಳಗಾವಿಗೆ ಈ ಅರೆಮರೆಯ ವಿಚಾರ ಹೊಸದಲ್ಲ. ಜೈನರ ಎಂಟು ಕರ್ಮಗಳಲ್ಲಿ ಮೊದಲನೆಯದು ಜ್ಞಾನಾವರಣೀಯ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಅದನ್ನು ಬಟ್ಟೆಯ ಪರದೆಗೆ ಹೋಲಿಸಿದ್ದಾರೆ. (ನೇಕಾರರ ಓಣಿಯಲ್ಲಿ ಈ ಹೋಲಿಕೆ ಇನ್ನಷ್ಟು ರುಚಿಸೀತು.) ಈ ಕರ್ಮ ಅರಿವನ್ನು ನಾಶಮಾಡದು, ಮುಚ್ಚುತ್ತದೆ, ಅದೂ ಪೂರ್ತಿಯಾಗಿ ಅಲ್ಲ. ಪೂರ್ತಿ ಮುಚ್ಚಿದ್ದರೆ ಜೀವ ಜಡವೇ ಆಗಿಬಿಡುತ್ತಿತ್ತು. ಆವರಣ ಒಂದಿಷ್ಟು ಕಳೆದು ಒಂದಿಷ್ಟು ಅಡಗಿದ ಸ್ಥಿತಿ ಕ್ಷಯೋಪಶಮ. ನಮ್ಮ ದಿನನಿತ್ಯದ ತಿಳಿವಳಿಕೆಯೆಲ್ಲ ಅಲ್ಲಿಯದೇ. ಇನ್ನು ಜೈನರ ನಯವಾದ. ವಸ್ತುವಿನ ಒಂದು ಮುಖವನ್ನು ಎತ್ತಿ ಹೇಳಿದರೆ ನಯ, ಉಳಿದ ಮುಖಗಳೇ ಇಲ್ಲವೆಂದರೆ ದುರ್ನಯ. ಮಾಸ್ಕನ್ನು ನಾನು ನಯದ ಕಡೆ ಇಡುತ್ತೇನೆ.

ಕೊಳ್ಳುವವರಿಗೆ ಲೇಯರ್ ಕಾಣುವುದಿಲ್ಲವಲ್ಲ ಎಂದು ಕೇಳಬಹುದು. ಅವರ ಕೈಗೆ ಬರುವುದು ಎಲ್ಲ ಪದರ ಒಂದಾದ ಜೆಪೆಗ್. ಮೂಲ ಚಿತ್ರ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಭದ್ರವಾಗಿದ್ದರೆ ಅವರಿಗೇನು ಬಂತು? ಬಲವಾದ ಆಕ್ಷೇಪವೇ. ಹಾಗಾಗಿಯೇ ಫೈಲಿನಲ್ಲಿ ಏನು ಉಳಿದಿದೆ ಎಂಬುದಕ್ಕಿಂತ ಚಿತ್ರ ಏನನ್ನು ಅಲ್ಲಗಳೆಯುತ್ತಿದೆ ಎಂದು ನೋಡಬೇಕು. ಗೋಡೆ ಮರೆಯಾದರೆ ಯಾರೂ ಮೋಸಹೋಗುವುದಿಲ್ಲ. ಸೀರೆ ಕೊಳ್ಳುವವರು ಗೋಡೆಯ ಬಗ್ಗೆ ಏನನ್ನೂ ನಂಬಬೇಕಿಲ್ಲ. ಆದರೆ ಎಳೆ ತಪ್ಪಿದ ಜಾಗದ ಮೇಲೆ ಒಳ್ಳೆಯ ನೇಯ್ಗೆಯ ತುಣುಕಿಟ್ಟು, ಅದೇ ಮಾಸ್ಕಿನಿಂದ ಅಂಚು ಬೆಸೆದರೆ, ದೋಷವಿಲ್ಲ ಎಂದೇ ಚಿತ್ರ ಸಾರುತ್ತದೆ. ಕ್ಯಾಮೆರಾದ ಚೌಕಟ್ಟೂ ಎಷ್ಟೋ ಸಂಗತಿಗಳನ್ನು ಹೊರಗಿಡುತ್ತದೆ ಎಂಬ ಸಮಾಧಾನ ಇಲ್ಲಿ ನಡೆಯದು. ಹೊರಗಿಡುವುದು ಬೇರೆ, ಅಲ್ಲಗಳೆಯುವುದು ಬೇರೆ. ಜೈನರ ತತ್ತ್ವಾರ್ಥಸೂತ್ರದಲ್ಲಿ ಇಂಥದ್ದಕ್ಕೆ ಹತ್ತಿರದ ತಪ್ಪೊಂದಿದೆ: ಪ್ರತಿರೂಪಕ ವ್ಯವಹಾರ, ಅಂದರೆ ನಕಲಿಯನ್ನು ಅಸಲಿಯೆಂದು ಸಾಗಹಾಕುವುದು. ಗೃಹಸ್ಥರ ವ್ರತಗಳಲ್ಲಿ ಸತ್ಯವೂ ಇದೆ, ಅಚೌರ್ಯವೂ ಇದೆ. ಸೂತ್ರಕಾರರು ಈ ತಪ್ಪನ್ನು ಬರೆದಿರುವುದು ಅಚೌರ್ಯದ ಲೆಕ್ಕಕ್ಕೆ.