ಆಪ್ತರ ಮಾತು, ಅಪರಿಚಿತರ ಕರೆ

ವಯಸ್ಸಾದವರು ಫೋನಿನ ವಂಚನೆಗೆ ಸಿಕ್ಕಿ ಹಣ ಕಳೆದುಕೊಂಡಾಗ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ‘ಅಷ್ಟೂ ಗೊತ್ತಾಗಲಿಲ್ಲವೇ?’ ಎಂಬುದು. ಸಿಟ್ಟಿನಲ್ಲಿ ಬಂದ ಈ ಪ್ರಶ್ನೆಯೊಳಗೆ ನಮ್ಮ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಸಮಸ್ಯೆ ಇದೆ: ಇನ್ನೊಬ್ಬರ ಮಾತಿನಿಂದ ನಮಗೆ ಏನಾದರೂ ‘ಗೊತ್ತಾಗುವುದು’ ಹೇಗೆ? ನಮ್ಮ ತಿಳಿವಳಿಕೆಯ ಬಹುಪಾಲು ಕಂಡದ್ದಲ್ಲ, ಕೇಳಿ ನಂಬಿದ್ದು. ಹುಟ್ಟಿದ ದಿನವನ್ನೂ ನಾವು ತಾಯಿಯ ಮಾತಿನಿಂದಲೇ ಬಲ್ಲೆವು. ಅದಕ್ಕೇ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದವನ್ನೂ, ಅಂದರೆ ಇನ್ನೊಬ್ಬರ ಮಾತನ್ನೂ, ಜ್ಞಾನದ ಸಾಧನವಾದ ಪ್ರಮಾಣವೆಂದು ಕೂರಿಸಿದರು. ಕರಾರು ಒಂದೇ, ಅದು ಆಪ್ತನ ಮಾತಾಗಿರಬೇಕು; ಅಂದರೆ ವಿಷಯವನ್ನು ಬಲ್ಲವನ, ಬಲ್ಲದ್ದನ್ನು ಬಲ್ಲಂತೆಯೇ ತಿಳಿಸಬಯಸುವವನ ಮಾತು.

ಸಿರುಗುಪ್ಪ ಸೀಮೆಯ ಹಚ್ಚೊಳ್ಳಿಯಂಥ ಊರು ಶಬ್ದಪ್ರಮಾಣದ ಮೇಲೆಯೇ ನಿಂತದ್ದು. ಭತ್ತದ ನಾಡಿನಲ್ಲಿ ಗೊಬ್ಬರ, ಕೂಲಿ, ಕಿರಾಣಿ ಎಷ್ಟೋ ಬಾಯಿಮಾತಿನ ಉದ್ರಿಯಲ್ಲಿ ನಡೆದು ಸುಗ್ಗಿಗೆ ತೀರುತ್ತವೆ. ಆದರೆ ಆ ಬಾಯಿಮಾತಿನ ಹಿಂದೆ ಮುಖವಿದೆ: ಯಾರ ಮಗ, ಯಾವ ಓಣಿ, ಹೋದ ವರ್ಷ ಕೊಟ್ಟ ಮಾತಿಗೆ ನಡೆದನೋ ಇಲ್ಲವೋ. ಪರೀಕ್ಷೆ ಊರಿನ ಬದುಕಿನೊಳಗೇ ನಡೆದುಹೋಗಿರುವುದರಿಂದ ಮತ್ತೆ ಮಾಡಬೇಕಾದ್ದಿಲ್ಲ. ಈಗ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಗೃಹಲಕ್ಷ್ಮಿಯ 2,000 ರೂಪಾಯಿ ಬ್ಯಾಂಕ್ ಖಾತೆಗೆ ಬೀಳುತ್ತವೆ. ‘ಬ್ಯಾಂಕಿನಿಂದ ಮಾತಾಡ್ತಿದೀವಿ, ಕೆವೈಸಿ ಆಗಿಲ್ಲ, ಒಟಿಪಿ ಹೇಳ್ರಿ’ ಎನ್ನುವ ದನಿಗೆ ಮುಖವಿಲ್ಲ, ಓಣಿಯಿಲ್ಲ. ಹಿರಿಯರ ನಂಬಿಕೆ ಇದ್ದಂತೆಯೇ ಇದೆ. ಅದನ್ನು ಕಾಯುತ್ತಿದ್ದ ಪರೀಕ್ಷೆ ಮಾತ್ರ ಕಳಚಿಬಿದ್ದಿದೆ.

‘ಆಸೆಗೆ ಬಿದ್ದು ಕಳಕೊಂಡರು’ ಎಂಬ ಆಕ್ಷೇಪ ಲಾಟರಿ, ದುಪ್ಪಟ್ಟು ಬಡ್ಡಿಯ ಮೋಸಗಳಿಗೆ ಕೊಂಚ ಹೊಂದೀತು. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಎಂದು ಬೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸಕ್ಕೆ ಹೊಂದುವುದಿಲ್ಲ. ಅಲ್ಲಿ ಬಲಿಯಾಗುವವರು ಕಾನೂನಿಗೆ ಅಂಜುವ, ಜೀವಮಾನವಿಡೀ ಠಾಣೆಯ ಮೆಟ್ಟಿಲು ಹತ್ತದ ಜನ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ ಇಂಥ ಬೆದರಿಕೆಗೆ 50 ಲಕ್ಷಕ್ಕೂ ಹೆಚ್ಚು ತೆತ್ತು, ಕೊನೆಗೆ ಪ್ರಾಣವನ್ನೇ ಬಿಟ್ಟರು. ಹರಿಯಾಣದ ಅಂಬಾಲಾದಲ್ಲಿ ಇನ್ನೊಂದು ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನದೇ ನಕಲಿ ಆದೇಶ ತೋರಿಸಿ 1 ಕೋಟಿಗೂ ಮಿಕ್ಕಿ ದೋಚಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲವೇ ಇಲ್ಲ. ಆದರೂ ಖಾಕಿ, ಮೊಹರು, ನ್ಯಾಯಾಲಯದಂಥ ಕೋಣೆ ಕಂಡಾಗ ಎದೆ ನಡುಗುತ್ತದೆ.

ಇಲ್ಲಿ ನನಗೆ ನೆನಪಾಗುವವರು ಸಮಂತಭದ್ರರು, ಕನ್ನಡದ ಜೈನಕವಿಗಳು ಕಾವ್ಯಾರಂಭದಲ್ಲಿ ಸ್ಮರಿಸುವ ಆಚಾರ್ಯರು. ಅವರ ‘ಆಪ್ತಮೀಮಾಂಸೆ’ ಆರಂಭವಾಗುವುದೇ ತಾವು ಪೂಜಿಸುವ ಜಿನನನ್ನು ಪರೀಕ್ಷೆಗೆ ಒಡ್ಡುವುದರಿಂದ. ದೇವತೆಗಳು ಬಂದಿಳಿಯುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಮಾಯಗಾರರಲ್ಲೂ ಕಾಣುವ ವೈಭವ. ಇಷ್ಟರಿಂದಲೇ ನೀನು ನಮಗೆ ದೊಡ್ಡವನಲ್ಲ ಎಂಬುದು ಅವರ ವಾದದ ಭಾವ. ದೇವರೆದುರೇ ಇಷ್ಟು ಕೇಳಿದವರಿದ್ದಾರೆ. ಹಾಗಿರುವಾಗ ಫೋನಿನ ಖಾಕಿಯನ್ನು ಪ್ರಶ್ನಿಸುವುದು ಉದ್ಧಟತನವಾಗುವುದು ಹೇಗೆ?

ಇದಕ್ಕೆ ಗಟ್ಟಿಯಾದ ಎದುರುಮಾತು ದರ್ಶನದ ಒಳಗಿನಿಂದಲೇ ಬರಬಹುದು. ಮೀಮಾಂಸಕರಿಗೂ ಮಾಧ್ವರಿಗೂ ಜ್ಞಾನ ಸ್ವತಃ ಪ್ರಮಾಣ; ಅಂದರೆ ಅದು ನಿಜವೆನ್ನಲು ಹೊರಗಿನ ಪರೀಕ್ಷೆ ಬೇಕಿಲ್ಲ. ಎಲ್ಲವನ್ನೂ ಮೊದಲು ಶಂಕಿಸುತ್ತ ಕೂತರೆ ಬದುಕೇ ನಡೆಯದು, ಊರೂ ಉಳಿಯದು. ಒಪ್ಪುತ್ತೇನೆ. ಆದರೆ ಸಂಶಯಕ್ಕೆ ಕಾರಣ ಎದುರಿಗೆ ಬಂದಾಗ ಪರೀಕ್ಷೆ ಬೇಕೆಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ. ‘ಯಾರಿಗೂ ಹೇಳಬೇಡ, ಫೋನ್ ಇಡಬೇಡ’ ಎಂಬ ಅಪ್ಪಣೆಗಿಂತ ದೊಡ್ಡ ಕಾರಣ ಯಾವುದಿದೆ? ನಿಜವನ್ನು ತಿಳಿಸಬಯಸುವವನು ಇನ್ನೊಬ್ಬರನ್ನು ಕೇಳಬೇಡ ಎನ್ನಲಾರ. ಪರೀಕ್ಷೆಯನ್ನು ನಿಷೇಧಿಸಿದ ಕ್ಷಣವೇ ಅವನು ಆಪ್ತನಲ್ಲವೆಂದು ತೋರಿಸಿಕೊಳ್ಳುತ್ತಾನೆ. ಆದ್ದರಿಂದ ಹಿರಿಯರಿಗೆ ನಾವು ಕಲಿಸಬೇಕಾದ್ದು ಎಲ್ಲರ ಮೇಲೆ ಗುಮಾನಿಯನ್ನಲ್ಲ. ಗುಟ್ಟು ಕೇಳಿದ ಕೂಡಲೇ ಫೋನ್ ಇಟ್ಟು ಕಟ್ಟೆಯ ಮೇಲಿನ ಗೆಳೆಯನನ್ನೋ ಬ್ಯಾಂಕಿನವರನ್ನೋ ಮುಖಾಮುಖಿ ಕೇಳುವುದನ್ನು.

ಜಾಗೃತಿಯ ಮಾತೆಲ್ಲ ಹೊಣೆಯನ್ನು ಬಲಿಯಾದವರ ತಲೆಗೇ ಕಟ್ಟುತ್ತದೆ ಎನ್ನುವವರಿದ್ದಾರೆ. ಬ್ಯಾಂಕು, ಪೊಲೀಸು, ಸರ್ಕಾರದ ಹೊಣೆ ದೊಡ್ಡದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊಣೆಗೆ ಚಾಲನೆ ಸಿಗಬೇಕಾದರೂ ಯಾರಾದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲೇಬೇಕು, ಅದೂ ಬೇಗ. ಹಣ ಇನ್ನೂ ಖಾತೆಗಳಲ್ಲಿ ಇರುವಾಗ ಮಾತ್ರ ಅದನ್ನು ತಡೆಹಿಡಿಯಲಾದೀತು. ‘ಅಷ್ಟೂ ಗೊತ್ತಾಗಲಿಲ್ಲವೇ’ ಎಂದು ಮಗ ಬೈದಾನೆಂಬ ಅಂಜಿಕೆಯಲ್ಲಿ ಮುದುಕಿ ಒಂದು ರಾತ್ರಿ ಸುಮ್ಮನಿದ್ದರೆ, ಬೆಳಗಾಗುವಷ್ಟರಲ್ಲಿ ಆ ಹಣ ಕೈಯಿಂದ ಕೈಗೆ ದಾಟಿ ಹೋಗಿರುತ್ತದೆ.