ಪಾಪ ಕಂಠದ್ದೋ, ಕಿವಿಯದ್ದೋ?

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಸಿಗುವ ರಾಂಪುರದಲ್ಲಿ ನನ್ನ ಖಾಲಾ ಇದ್ದರು. ಮದುವೆ ಮನೆಯಲ್ಲಿ ಅರಿಶಿನದ ರಾತ್ರಿ ಢೋಲಕ್ ಹಿಡಿದು ಕೂತರೆ ಅವರನ್ನು ಎಬ್ಬಿಸುವವರೇ ಇರಲಿಲ್ಲ. ಆ ಢೋಲಕ್ಕು, ಆ ಹಾಡುಗಳು ಎರಡೂ ನಮ್ಮ ನಾನಿಯಿಂದ ಬಂದದ್ದು. ಖಾಲಾ ಅದಕ್ಕೆ ತಮ್ಮದೊಂದನ್ನು ಸೇರಿಸಿದ್ದರು. ಎಲ್.ಆರ್. ಈಶ್ವರಿಯವರ ಹಳೆಯ ಸಿನಿಮಾ ಹಾಡುಗಳ ಧಾಟಿಗೆ ದಖನಿಯಲ್ಲಿ ಮಾತು ಕಟ್ಟಿ, ಮದುಮಗನನ್ನೂ ಬೀಗರನ್ನೂ ಗೇಲಿ ಮಾಡುತ್ತಿದ್ದರು. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ನನಗಾಗ ಹದಿನೆಂಟು. ಊರ ಹೊರಗೆ ಓದಿ, ಧರ್ಮವನ್ನು ಹೊಸದಾಗಿ ಕಂಡುಕೊಂಡ ಹುರುಪಿನಲ್ಲಿ ಮರಳಿದ್ದೆ. ಹಿರಿಯರ ಎದುರಿಗೇ, "ಖಾಲಾ, ಇದು ಕ್ಯಾಬರೆ ಹಾಡು, ನಿಕಾಹ್‌ನ ಮನೆಗೆ ತಕ್ಕದ್ದಲ್ಲ" ಎಂದುಬಿಟ್ಟೆ. ಖಾಲಾ ಢೋಲಕ್ಕನ್ನು ಪಕ್ಕಕ್ಕಿಟ್ಟರು. ಸಿಟ್ಟಾಗಲಿಲ್ಲ. "ಕ್ಯಾಬರೆ ಅಂತ ನಿನಗೆ ಹೇಗೆ ಗೊತ್ತಾಯಿತು ಮಗಾ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಿನಿಮಾ ನೋಡಿದ್ದವನು ನಾನು. ಅವರು ಧಾಟಿಯನ್ನಷ್ಟೇ ಕೇಳಿದ್ದರು.

ಈಶ್ವರಿಯವರ ಬದುಕನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. 1939ರಲ್ಲಿ ಮದರಾಸಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ತಾಯಿ ನಿರ್ಮಲಾ ಜೆಮಿನಿ ಸ್ಟುಡಿಯೋದಲ್ಲಿ ಕೋರಸ್ ಹಾಡಿ ಸಂಸಾರ ಸಾಗಿಸುತ್ತಿದ್ದರು. ತಾಯಿಯ ಜೊತೆ ಹೋಗುತ್ತಿದ್ದ ಮಗಳೂ ಕೋರಸ್ಸಿಗೆ ನಿಂತಳು. 1961ರ ತಮಿಳಿನ 'ಪಾಸಮಲರ್' ಚಿತ್ರದಿಂದ ಹೆಸರು ಬಂತು. ಕನ್ನಡದಲ್ಲಿ ರಾಜ್‌ಕುಮಾರ್ ಅಭಿನಯದ 'ಪರೋಪಕಾರಿ' (1970), ಸಲಿಲ್ ಚೌಧುರಿ ಸಂಗೀತದ 'ಸಂಶಯ ಫಲ' (1971) ಚಿತ್ರಗಳ ಹಾಡುಗಳನ್ನು ಹಳಬರು ಇಂದಿಗೂ ಗುನುಗುತ್ತಾರೆ. ನಮ್ಮ ಸಿನಿಮಾ ಹೆಣ್ಣಿನ ದನಿಯನ್ನು ಎರಡು ಪಾಲು ಮಾಡಿತ್ತು. ನಾಯಕಿಗೆ ಸುಶೀಲಾ, ಜಾನಕಿ. ಕ್ಲಬ್ಬಿನಲ್ಲಿ ಕುಣಿಯುವವಳಿಗೆ ಹೆಚ್ಚಾಗಿ ಈಶ್ವರಿ. ನಾವು ಎರಡನ್ನೂ ಆಸೆಯಿಂದ ಕೇಳಿದೆವು. ಮರ್ಯಾದೆಯನ್ನು ಮಾತ್ರ ಒಂದಕ್ಕೇ ಕೊಟ್ಟೆವು.

ಅದೇ ಕಂಠ ಮುಂದೆ ಅಮ್ಮನ್ ದೇವಿಯ ಭಕ್ತಿಗೀತೆಗಳನ್ನು ಹಾಡಿತು. ಆಡಿ ತಿಂಗಳಲ್ಲಿ ತಮಿಳುನಾಡಿನ ದೇವಿ ಗುಡಿಗಳಲ್ಲಿ ಆ ಹಾಡುಗಳಿಲ್ಲದೆ ಹಬ್ಬವಿಲ್ಲ. ಹಾಡಿದವರು ಕ್ರೈಸ್ತರು, ಕ್ಲಬ್ಬಿನ ಹಾಡುಗಳಿಂದ ಹೆಸರಾದವರು ಎಂಬ ಕಾರಣಕ್ಕೆ ಭಕ್ತರು ಕಿವಿ ಮುಚ್ಚಿಕೊಳ್ಳಲಿಲ್ಲ. 2011ರಲ್ಲಿ, ಎಪ್ಪತ್ತು ದಾಟಿದ ಮೇಲೆ, 'ಒಸ್ತಿ' ಎಂಬ ತಮಿಳು ಚಿತ್ರಕ್ಕಾಗಿ ಮತ್ತೆ ಕುಣಿತದ ಹಾಡನ್ನು ಹಾಡಿದರು. ಅದರಿಂದ ದೇವಿಯ ಹಾಡುಗಳು ಮೈಲಿಗೆಯಾದವೇ?

ಹಾಗೆಂದು ಕ್ಯಾಬರೆ ದೃಶ್ಯಗಳು ನಿರ್ದೋಷಿ ಎಂದು ನಾನು ಹೇಳಲಾರೆ. ಅಲ್ಲಿ ಹೆಣ್ಣಿನ ಮೈ ಮಾರಾಟಕ್ಕಿತ್ತು. ಹಳೆಯದೆಂಬ ಮೋಹದಿಂದ ಆ ಕೊಳೆಯನ್ನು ತೊಳೆಯಲಾಗದು. ಆದರೆ ಲೆಕ್ಕ ಕೇಳುವಾಗ ನಾವು ಯಾರಿಂದ ಶುರುಮಾಡುತ್ತೇವೆ? ದೃಶ್ಯವನ್ನು ಬೇಡಿದವರು, ಬರೆದವರು, ದುಡ್ಡು ಹಾಕಿದವರು, ಟಿಕೆಟ್ ಕೊಂಡವರು ಎಲ್ಲರೂ ಗಂಡಸರ ಸಾಲಿನಲ್ಲೇ ಹೆಚ್ಚು. ಕಳಂಕ ಮಾತ್ರ ಮೈಕಿನ ಮುಂದೆ ನಿಂತು ದುಡಿದವಳಿಗೆ. ಅವಳ ಧಾಟಿಯನ್ನು ಎತ್ತಿಕೊಂಡ ರಾಂಪುರದ ಖಾಲಾಗೂ ಅದೇ ಕಳಂಕ.

ಇಮಾಮ್ ಗಝಾಲಿ (1058-1111) 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಹಾಡು ಕೇಳುವುದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅವರೇನೂ ಎಲ್ಲದಕ್ಕೂ ಅನುಮತಿ ಕೊಟ್ಟವರಲ್ಲ. ಮಾತು, ಸಂದರ್ಭ, ಹಾಡುವವರು, ಕೇಳುವವರು ಎಲ್ಲವನ್ನೂ ತೂಗಿ ನೋಡುತ್ತಾರೆ. ಹಾಡು ಹೃದಯದೊಳಗೆ ಇಲ್ಲದ್ದನ್ನು ತಂದು ಹಾಕುವುದಿಲ್ಲ, ಇರುವುದನ್ನು ಕದಡುತ್ತದೆ ಎಂಬುದು ಅವರ ವಿಚಾರದ ತಿರುಳು. ಈದ್ ದಿನ ಪ್ರವಾದಿಯವರ (ಸ) ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್ (ರ) ಗದರಿಸಿದ್ದನ್ನೂ, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿಯವರು ಹೇಳಿದ್ದನ್ನೂ ಹದೀಸ್ ಬಲ್ಲವರೆಲ್ಲ ಬಲ್ಲರು. ಹದಿನೆಂಟರ ನಾನು ಗದರಿಸುವುದನ್ನಷ್ಟೇ ಕಲಿತಿದ್ದೆ. ಆ ರಾತ್ರಿ ಕದಡಿದ್ದು ನನ್ನೊಳಗಿದ್ದ ಕೆಸರು. ಅದನ್ನು ಖಾಲಾಳ ಕಂಠದ್ದೆಂದು ತಿಳಿದೆ.

ಖಾಲಾ ಆಮೇಲೆ ಯಾವ ಮದುವೆಯಲ್ಲೂ ಹಾಡಲಿಲ್ಲ. ಕೈನೋವು, ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಅಲ್ಲಾಹನಿಗೆ ಸಲ್ಲಬೇಕಾದುದರಲ್ಲಿ ಕೊರತೆಯಾದರೆ ತೌಬಾ ಮಾಡಿ ಅವನನ್ನೇ ಬೇಡಬಹುದು. ಮನುಷ್ಯರ ಹಕ್ಕನ್ನು ಕಸಿದರೆ ಆ ಮನುಷ್ಯರೇ ಕ್ಷಮಿಸಬೇಕು ಎಂದು ನಮಗೆ ಕಲಿಸಲಾಗಿದೆ. ನಾನು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಖಾಲಾ ತೀರಿಕೊಂಡಿದ್ದರು.

ಅವರ ಢೋಲಕ್ಕನ್ನು ಈಚೆಗೆ ಮೊಮ್ಮಗಳು ಅಟ್ಟದಿಂದ ಇಳಿಸಿದ್ದಾಳೆ. ಹಗ್ಗ ಬಿಗಿದು, ನಾದ ಕೂಡಿಸಿಕೊಂಡಿದ್ದಾಳೆ. ಬರುವ ಮದುವೆಯಲ್ಲಿ ಏನು ಹಾಡುತ್ತಾಳೋ ತಿಳಿಯದು. ಒಳಗೆ ಹೆಂಗಸರು ನಗುವಾಗ ನಾನು ಹೊರಗೆ ಚಪ್ಪರದಡಿ ಸುಮ್ಮನೆ ಕೂತಿರುತ್ತೇನೆ. ಸದ್ಯಕ್ಕೆ ನನ್ನಿಂದ ಸಲ್ಲಬಹುದಾದ ಸಾಲ ಅಷ್ಟೇ.