ಸತ್ತದ್ದು ದೇವರೇ?

ಫಿಲಿಪ್ ಪುಲ್‌ಮನ್ ಅವರ ‘ದಿ ಆಂಬರ್ ಸ್ಪೈಗ್ಲಾಸ್’ (2000) ಕಾದಂಬರಿಯಲ್ಲಿ ದೇವರೆನಿಸಿಕೊಂಡವನೇ ಸಾಯುತ್ತಾನೆ. ಸ್ಫಟಿಕದ ಪಲ್ಲಕ್ಕಿಯೊಳಗೆ ನಡುಗುತ್ತಿರುವ ಹಣ್ಣುಹಣ್ಣು ಮುದುಕ. ಅವನು ಯಾರೆಂದು ತಿಳಿಯದೆಯೇ ಕಥೆಯ ಮಕ್ಕಳಾದ ಲೈರಾ ಮತ್ತು ವಿಲ್ ಕನಿಕರದಿಂದ ಕೈಹಿಡಿದು ಹೊರತರುತ್ತಾರೆ. ಗಾಳಿ ಸೋಕಿದ್ದೇ ತಡ, ಕರಗಿಹೋಗುತ್ತಾನೆ.

ಮಕ್ಕಳ ಪುಸ್ತಕದಲ್ಲಿ ಇದೆಲ್ಲ ಬೇಕೆ? ಈ ಕಾದಂಬರಿ ಸೇರಿರುವ ಸರಣಿಯ ಮೊದಲ ಭಾಗ 2007ರಲ್ಲಿ ಸಿನಿಮಾ ಆದಾಗ ಅಮೆರಿಕದ ಕ್ಯಾಥಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಆದರೆ 2004ರಲ್ಲೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಈ ಸರಣಿಯ ನಾಟಕರೂಪವನ್ನು ಮೆಚ್ಚಿ, ಲೇಖಕರೊಂದಿಗೆ ವೇದಿಕೆಯಲ್ಲಿ ಚರ್ಚೆಗೂ ಕೂತಿದ್ದರು.

ವಿಲಿಯಮ್ಸ್ ಅವರ ಓದೇ ಸರಿ. ಕಥೆಯ ಆ ಮುದುಕ ಸೃಷ್ಟಿಕರ್ತನೇ ಅಲ್ಲ. ಹಾಗೆಂದು ಉಳಿದವರನ್ನು ನಂಬಿಸಿದ ಮೊದಲ ದೇವದೂತ. ಸತ್ತದ್ದು ಆ ಸುಳ್ಳು ಅಧಿಕಾರ. ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ಮೊದಲು ಹಿರಿಯರು ಈ ಪುಟಗಳನ್ನು ತಾವೇ ಓದಲಿ.